ಬೆಕ್ಕಿನ ಪಾಲಿನ ಮಾತು

ಕೊಡ್ಲಿಪೇಟೆಯಿಂದ ಮದುವೆಯಾಗಿ ನಾನು ಗಾಳಿಬೀಡಿನ ಈ ಮನೆಗೆ ಬಂದು ಎಷ್ಟೋ ವರ್ಷವಾಯಿತು. ಇವರ ಮನೆಮಾತು ಅರೆಭಾಷೆ. ನಾವು 'ಇಲ್ಲ' ಅನ್ನುವುದು ಇವರ ಬಾಯಲ್ಲಿ 'ಇಲ್ಲೆ', 'ಇದೆ' ಅನ್ನುವುದು 'ಉಟ್ಟು'. ಬಂದ ಮೊದಲ ಮಳೆಗಾಲದಲ್ಲೇ ಅದೆಲ್ಲ ನನಗೆ ತಿಳಿಯತೊಡಗಿತ್ತು. ಆದರೂ ನಮ್ಮತ್ತೆ ನನ್ನೊಡನೆ ಮಾತ್ರ, ಬ್ಯಾಂಕಿನ ಮೇಡಂ ಹತ್ತಿರ ಮಾತಾಡುವ ಹಾಗೆ, ತಿದ್ದಿದ ಕನ್ನಡದಲ್ಲಿ ಬನ್ನಿ ಹೋಗಿ ಎಂದೇ ಮಾತಾಡುತ್ತಾರೆ. ನಾನು ಬೇಕೆಂದೇ "ಉಪ್ಪು ಇಲ್ಲೆ ಅತ್ತೆ" ಅಂದರೆ, "ಉಪ್ಪು ಇಲ್ಲವಾ? ತರಿಸೋಣ ಬಿಡಿ" ಅನ್ನುತ್ತಾರೆ.

ಮನೆಯ ಬೆಕ್ಕಿಗೂ ಅರೆಭಾಷೆಯೇ. ಒಲೆಯ ಪಕ್ಕ ಕೂರಿಸಿಕೊಂಡು, "ಎಂಥ ಬೇಕು ನಿಂಗೆ? ಹಾಲ್ ಇಲ್ಲೆ, ಹೋಗ್" ಎಂದು ಗದರುತ್ತಲೇ ಹಾಲು ಹಾಕುತ್ತಾರೆ. ಕೇಳಿ ಕೇಳಿ ನನ್ನ ಹೊಟ್ಟೆ ಉರಿಯುತ್ತದೆ. ಫೋನಿನಲ್ಲಿ ಅವ್ವನಿಗೆ ಹೇಳಿದರೆ, "ಮರ್ಯಾದೆ ಕೊಟ್ಟು ಮಾತಾಡ್ತಾರಲ್ಲೇ, ಇನ್ನೇನ್ ಬೇಕು ನಿಂಗೆ?" ಅಂದಳು. ಮರ್ಯಾದೆ ನೆಂಟರಿಗೆ ಇರಲಿ.

ಮೊನ್ನೆ ಹಾಲಿನ ಪಾತ್ರೆ ಹಿಡಿದು ಬರುವಾಗ ಆ ಬೆಕ್ಕು ಕಾಲಿಗೆ ಅಡ್ಡ ಬಂದು, ಹಾಲೆಲ್ಲ ನೆಲದ ಪಾಲಾಯಿತು.

"ನಿನ್ನ ಕಣ್ಣ್ ಎಲ್ಲಿ ಉಟ್ಟು?" ಎಂದು ಅತ್ತೆ ಗದರಿದರು.

ನಿಮ್ಮ ಕಣ್ಣಲ್ಲ, ನಿನ್ನ ಕಣ್ಣು. ನನಗೆ ಎದೆ ತುಂಬಿ ಬಂತು. ತಲೆ ತಗ್ಗಿಸಿ, ನಗು ಅಡಗಿಸಿಕೊಂಡು, ಇನ್ನೆರಡು ಬೈಗುಳಕ್ಕೆ ಕಾದೆ.

ಅತ್ತೆ ಬಗ್ಗಿ ಬೆಕ್ಕಿನ ಕಿವಿ ಹಿಂಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಪೆಟ್ಟಾಗಲಿಲ್ಲ ತಾನೆ?" ಅಂದರು.