ನೆಲ ಒರೆಸುವವರು ಕಲಿಸಿದ ಮೂರು ಹೆಜ್ಜೆ

ಬೆಳಗಿನ ಐದೂಕಾಲು. ಎರಡನೇ ಮಹಡಿಯ ಹಾಲ್‌ನಲ್ಲಿ ನಲವತ್ತೇಳರ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಮರದ ಹಲಗೆಯ ನೆಲಕ್ಕೆ ಬಲ ಅಂಗೈ ಊರುತ್ತಾರೆ. ಮೈಭಾರವನ್ನೆಲ್ಲ ಆ ಕೈಮೇಲೆ ಬಿಟ್ಟು, ಎಡಗಾಲಿನ ಹಿಮ್ಮಡಿಯನ್ನು ಅರ್ಧ ಸುತ್ತು ಎಳೆಯುತ್ತಾರೆ. ಜಾರಿದರೆ ಅಲ್ಲಿ ಮತ್ತೊಮ್ಮೆ ಒರೆಸುತ್ತಾರೆ. ಜಾರದಿದ್ದರೆ ಒಂದು ಮಾರು ಮುಂದೆ. ಹೀಗೆ ನಲವತ್ತಡಿ ಉದ್ದ, ಮೂವತ್ತಡಿ ಅಗಲ.

ಇಂದು ಕಪೊಯೆರಾ ಕಲಿಯಲು ಹೊಸಬರು ಬರುವ ದಿನ. ಕಡಲಾಚೆಯ ದೇಶದಲ್ಲಿ ಗುಲಾಮರು ಹೊಡೆದಾಟವನ್ನು ಕುಣಿತದೊಳಗೆ ಬಚ್ಚಿಟ್ಟು ಉಳಿಸಿಕೊಂಡ ಕಲೆಯಿದು ಎಂದು ಮೇಷ್ಟ್ರು ಪ್ರತಿ ತಂಡಕ್ಕೂ ಹೇಳುತ್ತಾರೆ. ಬರಿಗಾಲಲ್ಲಿ ಆಡಬೇಕು, ಕೈ ನೆಲಕ್ಕೂರಿ ಕಾಲು ಬೀಸಬೇಕು. ನೆಲದಲ್ಲಿ ಸೋಪಿನ ಪಸೆ ಉಳಿದರೂ ಕಷ್ಟ, ದೂಳು ಉಳಿದರೂ ಕಷ್ಟ.

"ಹಳಬ್ರು ಜಾರಿದ್ರೆ ಉರುಳ್ಕೊಂಡು ಎದ್ಬಿಡ್ತಾರೆ. ಹೊಸಬ್ರು ಜಾರಿದ್ರೆ ಮಾರನೇ ದಿನ ಬರೋದೇ ಇಲ್ಲ," ಎನ್ನುತ್ತಾರೆ ಇವರು. ಹಳೆಯ ವಿದ್ಯಾರ್ಥಿಗಳು ಕರೆಯುವುದು 'ನೆಲದಕ್ಕ' ಎಂದು.

ಹದಿನಾರು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ ಕೈ ಇದು. ಆ ಬಿಸಿ ಸಾಕಾಗಿ ಇಲ್ಲಿಗೆ ಬಂದು ಒಂಬತ್ತು ವರ್ಷ. ಈವರೆಗೆ ಮೂವತ್ತೆಂಟು ಹೊಸ ತಂಡಗಳಿಗೆ ನೆಲ ಅಣಿ ಮಾಡಿದ್ದಾರೆ. ಮೂರು ಸಲ ಒರೆಸುವುದು, ಕೊನೆಯ ಸಲ ಬರೀ ನೀರಲ್ಲಿ. ಬಾಗಿಲ ಬಳಿ ದಾರ ಕಟ್ಟಿದ ಉಗುರು ಕತ್ತರಿ ತೂಗುಹಾಕುವುದು. ಬಂದವರಿಂದ ಉಂಗುರ, ವಾಚು ಬಿಚ್ಚಿಸುವುದು. ಇವನ್ನೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಗಮನಿಸಿಯೂ ಇಲ್ಲ.

ಎರಡು ತಿಂಗಳ ಹಿಂದೆ ಅವರು ಮೇಷ್ಟ್ರನ್ನು ಒಂದು ಮಾತು ಕೇಳಿದ್ದರು: "ಮುಂದಿನ ಹೊಸಬರ ಜೊತೆ ನಾನೂ ನಿಂತ್ಕೊಳ್ಲಾ?" ಮೇಷ್ಟ್ರು "ನೋಡೋಣ ಅಕ್ಕ" ಎಂದರು. ನಮ್ಮ ಮಾತಿನಲ್ಲಿ 'ನೋಡೋಣ' ಎಂದರೆ ಏನೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೂರು ಸಂಜೆ ಕೂತು ಬಿಳಿ ಸಡಿಲ ಪ್ಯಾಂಟು ಹೊಲಿದುಕೊಂಡರು. ಮನೆಯಲ್ಲಿರುವುದು ಅವರು ಮತ್ತು ತೀರಿಕೊಂಡ ಗಂಡನ ತಾಯಿ, ಇಬ್ಬರೇ.

"ಹಿಟ್ಟಿನ ಚೀಲಕ್ಕೆ ಕಾಲು ಬಂದ್ಹಾಗಿದೆ ಕಣೇ," ಎಂದರಂತೆ ಅತ್ತೆ. "ಸೊಂಟ ಮುರ್ಕೊಂಡ್ರೆ ನಿನ್ನ ಎತ್ತೋರ್ಯಾರು, ನಾನಾ?"

"ನೀವು ನಗ್ತಾ ಇರಿ ಅತ್ತೆ, ನಾನೇ ಎದ್ದೇಳ್ತೀನಿ."

ಇಂದು ಅದೇ ಪ್ಯಾಂಟು ತೊಟ್ಟಿದ್ದಾರೆ.

ಆರು ಗಂಟೆಗೆ ಬ್ಯಾಂಕಿನ ಗುಮಾಸ್ತನೊಬ್ಬ ತಂಗಿಯೊಂದಿಗೆ ಬರುತ್ತಾನೆ. ಬಿಳಿ ಪ್ಯಾಂಟಿನ ಹೆಂಗಸು ನೆಲಕ್ಕೆ ಕೈಯೂರಿ ಕಾಲು ಎಳೆಯುವುದನ್ನು ನೋಡಿ, ಇಬ್ಬರೂ ಸದ್ದಿಲ್ಲದೆ ಶೂ ಬಿಚ್ಚಿ ಹಿಂದೆ ನಿಂತು ಹಾಗೇ ಮಾಡತೊಡಗುತ್ತಾರೆ. ಮತ್ತೆ ಬಂದವರೂ ಸಾಲು ಸೇರುತ್ತಾರೆ. ನೆಲದಕ್ಕ ಹಿಂತಿರುಗಿ ನೋಡುವಾಗ ಏಳು ಜನ.

"ಮೇಡಂ, ಎಡಗಾಲಾ, ಬಲಗಾಲಾ?" ಗುಮಾಸ್ತ ಕೇಳುತ್ತಾನೆ.

ನಾನು ನೆಲ ಪರೀಕ್ಷಿಸುತ್ತಿದ್ದೇನೆ ಎಂದು ಹೇಳಬಹುದಿತ್ತು. ಅವರು ಹೇಳುವುದಿಲ್ಲ. "ಎಡಗಾಲು. ಭಾರ ಕೈ ಮೇಲಿರ್ಲಿ. ನೆಲಕ್ಕೆ ಹೆದರ್ಬೇಡಿ." ಮೂರು ಹೆಜ್ಜೆ. ಏಳು ಜನರೂ ಜಾರುವುದಿಲ್ಲ.

ನಾಲ್ಕನೆಯದಕ್ಕೆ ಬಾಗಿಲಲ್ಲಿ ಮೇಷ್ಟ್ರು. "ಅಯ್ಯೋ, ಅವ್ರು ನೆಲ ಒರೆಸೋರು ಕಣ್ರೀ! ಬನ್ನಿ ಈ ಕಡೆ."

ಎಲ್ಲರೂ ನಗುತ್ತಾರೆ. ನೆಲದಕ್ಕನೂ ನಗುತ್ತಾರೆ. ಗುಮಾಸ್ತ ಮಾತ್ರ ತನ್ನ ಅಂಗೈ ನೋಡಿಕೊಂಡು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಇಷ್ಟು ಹೊತ್ತು ಆ ಕೈಗೆ ಅಂಟಿರದ ಕೊಳೆ ಈಗೆಲ್ಲಿಂದ ಬಂತೋ.

"ಅಕ್ಕ, ಇವತ್ತು ಜನ ಜಾಸ್ತಿ," ಮೇಷ್ಟ್ರು ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ಈ ವಯಸ್ಸಲ್ಲಿ ಬರೋ ವಿದ್ಯೆನೂ ಅಲ್ಲ ಇದು. ಮುಂದಿನ ಸಲ ನೋಡೋಣ. ಸ್ವಲ್ಪ ಶೂಗಳ ಕಡೆ ಗಮನ ಇರ್ಲಿ."

ತರಗತಿ ಶುರುವಾಗುತ್ತದೆ. ಬಂದವರು ಹತ್ತೊಂಬತ್ತು ಜನ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿದಾಗ ಗುಮಾಸ್ತನ ತಂಗಿ ಒಬ್ಬಳೇ ಉಳಿಯುತ್ತಾಳೆ. ಮೇಷ್ಟ್ರು ಅವಳನ್ನು ಕಂಬದೆದುರು ನಿಲ್ಲಿಸುತ್ತಾರೆ. ಅವಳು ಕಂಬಕ್ಕೆ ಎದುರಾಗಿ ಅತ್ತಿತ್ತ ತೂಗುತ್ತಾಳೆ. ಹೊಸ್ತಿಲಾಚೆ, ಹತ್ತೊಂಬತ್ತು ಜೊತೆ ಶೂಗಳ ಪಕ್ಕ ಕೂತ ನೆಲದಕ್ಕ ಅದನ್ನೇ ನೋಡುತ್ತಾರೆ.

"ಒಂದೇ ಒಂದು ಕ್ಲಾಸು ಸಾಕಿತ್ತು," ಕೊನೆಗೆ ಅವರೇ ಹೇಳುತ್ತಾರೆ. "ಬರ್ದೇ ಇದ್ರೆ ನಂಗೆ ಬರಲ್ಲ ಅಂತ ನಾನೇ ಹೇಳ್ತಿದ್ದೆ. ಅದನ್ನೂ ಅವ್ರೇ ಯಾಕ್ ಹೇಳ್ಬೇಕು?"