ಕೀ ಕಚ್ಚುವ ಮೆಕ್ಯಾನಿಕ್

ತೋಟದ ಹಳೇ ಟ್ರ್ಯಾಕ್ಟರುಗಳಿಗೆ ಮಣ್ಣು ತಳ್ಳುವ ಬ್ಲೇಡು ಕೂರಿಸುವ ನಮ್ಮ ಮೆಕ್ಯಾನಿಕ್‌ಗೆ ಹೋದ ವರ್ಷದ ಕೂಲಿಯನ್ನೇ ಅರ್ಧ ಊರು ಇನ್ನೂ ಕೊಟ್ಟಿಲ್ಲ, ಆದರೂ ಕರೆದರೆ ಬೈಯುತ್ತಲೇ ಬರುತ್ತಾನೆ. ಬಂದವನು ಗಾಡಿಗೊಂದು ಸುತ್ತು ಹಾಕಿ, "ಇದು ನಿಮ್ಮಜ್ಜನ ಜೊತೆ ಶಾಲೆಗೆ ಹೋಗಿತ್ತೇನಪ್ಪಾ?" ಎಂದು ಮಾಲೀಕನ ಮರ್ಯಾದೆ ತೆಗೆಯುತ್ತಾನೆ. ಹೊಸ ಬ್ಲೇಡಿನ ತೂತು ಹಳೇ ಗಾಡಿಯ ತೂತಿಗೆ ಇವತ್ತಿನವರೆಗೆ ಒಮ್ಮೆಯೂ ಹೊಂದಿಲ್ಲ; ಅದಕ್ಕಾಗಿ ಕಂಪನಿಯ ಏಳು ತಲೆಮಾರನ್ನು ಜಾಲಾಡುತ್ತಾನೆ, ತೂತನ್ನು ಉಜ್ಜಿ ಹಿಗ್ಗಿಸುತ್ತಾನೆ, ಹಟ ಮಾಡುವ ಬೋಲ್ಟನ್ನು ಮಗುವಿನಂತೆ ರಮಿಸುತ್ತಾನೆ. ಗಾಡಿಯಡಿ ನುಸುಳುವ ಮುಂಚೆ ಮಾತ್ರ ಕೈ ಚಾಚಿ, "ಕೀ ಕೊಡಿ" ಅನ್ನುತ್ತಾನೆ. ಅದನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೆಲಸ ಮಾಡುವುದರಿಂದ ಕೆಳಗಿನಿಂದ ಅವನೇನು ಕೇಳುತ್ತಾನೋ ಯಾರಿಗೂ ತಿಳಿಯುವುದಿಲ್ಲ. ಸ್ಪ್ಯಾನರು ಕೇಳಿದರೆ ಸುತ್ತಿಗೆ ಸಿಗುತ್ತದೆ, ಸುತ್ತಿಗೆ ಕೇಳಿದರೆ ನೀರಿನ ಚೊಂಬು. ಒಮ್ಮೆ ಒಬ್ಬ ಮಾಲೀಕ ರೇಗಿದ: "ಕೀ ನನ್ನ ಜೇಬಲ್ಲೇ ಇರಲಿ. ನಾನೇನು ಅಷ್ಟು ಕೆಟ್ಟವನಾ?" ಇವನು ನೆಲದ ಮೇಲೆ ಕೂತೇ ಹೇಳಿದ: "ನೀವು ಒಳ್ಳೆಯವರೇ, ಯಜಮಾನ್ರೇ. ನಮ್ಮಣ್ಣ ಬ್ಲೇಡಿನ ಕೆಳಗೆ ಮಲಗಿದ್ದಾಗ ಕೀ ತಿರುಗಿಸಿದೋರೂ ಒಳ್ಳೆಯವರೇ. ಬೇಗ ಮುಗೀಲಿ ಅಂತ ತಿರುಗಿಸಿದ್ರು. ಗಾಡಿ ಗೇರಲ್ಲಿತ್ತು, ಅವನ ಮೇಲೇ ಹರೀತು." ಮಾಲೀಕ ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟ. ನಿಮಗೆ ಹೇಳುವುದೂ ಇಷ್ಟೇ: ನಿಮ್ಮ ಗಾಡಿಯಡಿ ಯಾರೇ ಮಲಗಲಿ, ಅವರು ಕೇಳುವ ಮೊದಲೇ ಕೀ ಕಿತ್ತು ಅವರ ಕೈಗೆ ಕೊಡಿ.