ಮೇಲಿನ ರೊಟ್ಟಿ ಮೊದಲು

ಅಥವಾ ಆ ಬಟ್ಟೆ ಬಿಳಿಯದಾಗಿರಲಿಲ್ಲವೇನೋ. ರೊಟ್ಟಿ ಇಡುವ ಬಿದಿರಿನ ಪುಟ್ಟಿಯ ಮೇಲೆ ಅತ್ತೆ ಹೊದಿಸುತ್ತಿದ್ದದ್ದು ಹಳೆ ಪಂಜೆಯ ಬಿಳಿ ತುಂಡು ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಈಗ ಕಣ್ಣು ಮುಚ್ಚಿದರೆ ಮಾಸಿದ ಹಸಿರು ಸೀರೆಯ ಸೆರಗು ಕಾಣುತ್ತದೆ. ಎರಡೂ ಸುಳ್ಳಿರಬಹುದು. ನೆನಪಿಗೆ ಬಟ್ಟೆ ಬೇಕಾಗಿತ್ತು, ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಹೊದಿಸಿಬಿಟ್ಟಿದೆ. ಈ ಅನುಮಾನ ಹುಟ್ಟಿದ್ದು ಎಲ್ಲಿ ಅಂತೀರಿ? ಬಳ್ಳಾರಿಯ ಒಂದು ದೊಡ್ಡ ಅಂಗಡಿಯಲ್ಲಿ, ಮೊಸರು ಇಡುವ ತಣ್ಣನೆಯ ಕಪಾಟಿನೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಂತಿದ್ದಾಗ.

ನೀವೂ ಹಾಗೆ ನಿಂತಿರುತ್ತೀರಿ, ಇಲ್ಲ ಅನ್ನಬೇಡಿ. ಮುಂದಿನ ಸಾಲಿನ ಪ್ಯಾಕೆಟ್ಟಿನ ಮೇಲೆ ನಾಳೆಯ ತಾರೀಖು, ಹಿಂದಿನ ಸಾಲಿನದರ ಮೇಲೆ ಮುಂದಿನ ವಾರದ್ದು. ಅಂಗಡಿಯವರು ಹಳೆಯದನ್ನು ಮುಂದಿಡುತ್ತಾರೆ, ನಾವು ಅದನ್ನು ಸರಿಸಿ ಹಿಂದಕ್ಕೆ ಕೈ ಹಾಕುತ್ತೇವೆ. ಪಕ್ಕದಿಂದ ಇನ್ನೊಂದು ಕೈ ಬಂದು ನನ್ನ ಬೆರಳಿಗೆ ತಾಗಿತು. ಬಳೆ ಹಾಕಿದ ಎಳೆಯ ಕೈ. "ತಗೋರಿ ಆಂಟಿ, ಇನ್ನೂ ಹಿಂದ ಅದಾವು," ಅಂದಳು ಆ ಕೈಯವಳು. ಒಂದೇ ಹೊಲದಲ್ಲಿ ಸೀತನಿಗೆಂದು ಎಳೆ ಜೋಳದ ತೆನೆ ಕದಿಯಲು ಬಂದು ಎದುರಾದವರ ಹಾಗೆ ಇಬ್ಬರೂ ನಕ್ಕೆವು. ಮೊಸರನ್ನು ನಾನು ಅಂದು ರಾತ್ರಿಯೇ ಉಂಡು ಮುಗಿಸುವವಳು. ಮುಂದಿನ ವಾರದವರೆಗೂ ಕೆಡದ ಮೊಸರು ನನಗೆ ಯಾಕೆ ಬೇಕಿತ್ತೋ. ಪ್ಯಾಕೆಟ್ಟು ಜೋಡಿಸುತ್ತಿದ್ದ ಹುಡುಗಿಯನ್ನು ಕೇಳಿದೆ: ಮುಂದಿನ ಸಾಲಿನವು ಹೋಗದಿದ್ದರೆ ಏನು ಮಾಡುತ್ತೀರಿ? ವಾಪಸ್ ಕಳಿಸುತ್ತೀವ್ರಿ ಅಂದಳು. ಎಲ್ಲಿಗೆ ಅಂದೆ. ಅದು ನಮಗೆ ಗೊತ್ತಿಲ್ರಿ ಅಂದಳು. ಕೈ ತಣ್ಣಗಾಗಿತ್ತು, ಹೊರಗೆ ತೆಗೆದೆ. ಆಗಲೇ ಆ ಪುಟ್ಟಿ, ಆ ಬಟ್ಟೆ, ಅದರಡಿಗೆ ನುಸುಳುತ್ತಿದ್ದ ಇನ್ನೊಬ್ಬಳ ಕೈ ನೆನಪಾದದ್ದು.

ಎಪ್ಪತ್ತರ ದಶಕದ ಕೊನೆ ಇರಬೇಕು. ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಗೆ ನಾನು ಹೊಸ ಟೀಚರಾಗಿ ಹೋಗಿದ್ದೆ. ಒಂಟಿ ಹುಡುಗಿಗೆ ಬಾಡಿಗೆ ಮನೆ ಸಿಗುವ ಕಾಲವಲ್ಲ. ಸೋದರತ್ತೆ ಗೌರಮ್ಮ ಅಲ್ಲೇ ಇದ್ದಳಾದ್ದರಿಂದ ಅಪ್ಪ ನನ್ನನ್ನೂ ಒಂದು ಟ್ರಂಕನ್ನೂ ಅವಳ ಪಡಸಾಲೆಯಲ್ಲಿ ಇಳಿಸಿ ಕುರುಗೋಡಿಗೆ ಮರಳಿದ. ಅತ್ತೆಯ ಗಂಡ, ಮಗ ಇಬ್ಬರೂ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಮಗನಿಗೆ ಆ ವರ್ಷವೇ ಮದುವೆಯಾಗಿ ಬಳ್ಳಾರಿಯ ಸುಶೀಲ ಸೊಸೆಯಾಗಿ ಬಂದಿದ್ದಳು. ಕಾಲುವೆ ಬಂದ ಮೇಲೆ ಊರೆಲ್ಲ ಅನ್ನಕ್ಕೆ ತಿರುಗಿದ್ದರೂ ಅತ್ತೆಯ ಮನೆಯಲ್ಲಿ ಮಾತ್ರ ಎರಡು ಹೊತ್ತೂ ಜೋಳದ ರೊಟ್ಟಿ. ಜೋಳ ಬಾದನಹಟ್ಟಿಯಿಂದ, ಅವಳ ತಾಯಿಯ ಕಡೆಯವರ ಹೊಲದಿಂದ ಬರುತ್ತಿತ್ತು. ಗಿರಣಿ ಧೂಳಿನಲ್ಲೇ ಬದುಕುವ ಗಂಡಸರು ಮನೆಗೆ ಬಂದು ಜೋಳ ತಿನ್ನುವುದು ಓಣಿಗೆಲ್ಲ ತಮಾಷೆಯಾಗಿತ್ತು.

ಅಕ್ಕಿಯ ಊರಿನಲ್ಲಿ ಹಳತಿಗೆ ಮರ್ಯಾದೆ ಹೆಚ್ಚು, ಇದನ್ನು ಇಲ್ಲಿ ಹೇಳಿಬಿಡಬೇಕು. ಹೊಸ ಅಕ್ಕಿ ಬೇಯಿಸಿದರೆ ಅನ್ನ ಮುದ್ದೆಯಾಗುತ್ತದೆ, ಬೀಗರೆದುರು ತಲೆ ತಗ್ಗಿಸಬೇಕಾಗುತ್ತದೆ. ವರ್ಷ ಕಳೆದ ಅಕ್ಕಿಯದು ಬಿಡಿಬಿಡಿ ಅನ್ನ, ಅದಕ್ಕೆ ಬೆಲೆಯೂ ಜಾಸ್ತಿ. ಹಾಗಾಗಿ "ಹಳೇದು" ಎಂಬ ಮಾತು ಆ ಊರಿನಲ್ಲಿ ಹೊಗಳಿಕೆಯೂ ಹೌದು. ರೊಟ್ಟಿಯ ಬಗ್ಗೆ ಅತ್ತೆಗಿದ್ದ ಕಾಯಿದೆ ಹುಟ್ಟಿದ್ದು ಅಲ್ಲಿಂದಲೇ ಎಂದು ಬರೆಯಲು ಹೊರಟಿದ್ದೆ, ಬರೆದರೆ ಚೆನ್ನಾಗಿಯೂ ಕಾಣುತ್ತಿತ್ತು. ಆದರೆ ಅವಳು ಯಾವತ್ತೂ ಹಾಗೆ ಹೇಳಿದ್ದಿಲ್ಲ.

ಕಾಯಿದೆ ಇಷ್ಟೇ: ಮೇಲಿನ ರೊಟ್ಟಿ ಮೊದಲು. ಬೆಳಗ್ಗೆ ಬೇಯಿಸಿದ ರೊಟ್ಟಿಯಲ್ಲಿ ಗಂಡಸರಿಗೆ ಬಿಸಿಬಿಸಿ ಹೋಗುತ್ತಿತ್ತು. ಉಳಿದವನ್ನು ಮೊರದ ಮೇಲೆ ಹರಡಿ ಆರಲು ಬಿಡುತ್ತಿದ್ದಳು, ಬಿಸಿ ಇರುವಾಗಲೇ ಪುಟ್ಟಿಗೆ ಹಾಕಿದರೆ ಬೆವರಿ ಹಳಸುತ್ತವೆ. ಚೆನ್ನಾಗಿ ಆರಿದ ಮೇಲೆ ಪುಟ್ಟಿಯಲ್ಲಿದ್ದ ನಿನ್ನೆಯ ರೊಟ್ಟಿಗಳನ್ನು ಎರಡೂ ಕೈಯಲ್ಲಿ ಎತ್ತಿ, ಇವತ್ತಿನವನ್ನು ಅಡಿಗಿಟ್ಟು, ಅದರ ಮೇಲೆ ಹಳೆಯದನ್ನು ಕೂರಿಸಿ ಬಟ್ಟೆ ಹೊದಿಸುವಳು. ಹೆಂಗಸರ ಊಟಕ್ಕೆ ಮೇಲಿನವು. ಅಂದರೆ ನಾವು ಮೂವರೂ ಪ್ರತಿದಿನ ತಂಗಳನ್ನೇ ತಿನ್ನುತ್ತಿದ್ದೆವು, ಪ್ರತಿದಿನ ನಮ್ಮ ಕಣ್ಣೆದುರೇ ಬಿಸಿ ರೊಟ್ಟಿ ಆರಿ ನಾಳೆಯ ತಂಗಳಾಗುತ್ತಿತ್ತು. ಬಾದನಹಟ್ಟಿಯಿಂದಲೋ ಕೊಳಗಲ್ಲಿನಿಂದಲೋ ಗಿರಣಿಗೆ, ದವಾಖಾನೆಗೆ ಬಂದ ನೆಂಟರು ಬಸ್ಸಿಳಿದು ನೇರ ಮನೆಗೆ ಬರುತ್ತಿದ್ದರಾದ್ದರಿಂದ "ಯಾರರ ಬಂದ್ರ" ಎಂದು ಹೆಚ್ಚೇ ಬೇಯಿಸುವಳು. ಬಂದರೆ ಅವರಿಗೂ ಅವತ್ತಿನದೇ. ಜಂಗಮರು ಬಾಗಿಲಿಗೆ ಬಂದರೂ ಅವತ್ತಿನದೇ, ಕೊಡುವುದು ತಂಗಳಾಗಿರಬಾರದು. ದನಕ್ಕೆ ಹಾಕೋಣವೆಂದರೆ, ಮನುಷ್ಯರು ತಿನ್ನುವಂಥದ್ದನ್ನು ದನದ ಮುಂದೆ ಚೆಲ್ಲಲು ಅವಳಿಗೆ ಕೈ ಬರುತ್ತಿರಲಿಲ್ಲ. ಹೀಗೆ ಎಲ್ಲ ದಾರಿಗಳೂ ಮುಚ್ಚಿ, ಹಳೆಯ ರೊಟ್ಟಿ ಹೋಗಬಹುದಾದ ಜಾಗ ಆ ಮನೆಯಲ್ಲಿ ಒಂದೇ ಉಳಿದಿತ್ತು. ನಮ್ಮ ಹೊಟ್ಟೆ.

ನನಗದು ತ್ರಾಸಾಗಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿ, ಗುರೆಳ್ಳು ಪುಡಿ ಉದುರಿಸಿಕೊಂಡರೆ ತಂಗಳ ರೊಟ್ಟಿಗೆ ಅದರದೇ ರುಚಿ. ಆದರೆ ಸುಶೀಲಳಿಗೆ ದಿನ ನಿಂತವು, ಬಸುರಿಯಾದಳು. ಏನು ಮುಟ್ಟಿದರೂ ವಾಂತಿ. ಬಟ್ಟೆ ಸರಿಸಿದಾಗ ಪುಟ್ಟಿಯಿಂದ ಏಳುವ ವಾಸನೆಗೇ ಅವಳು ಬಚ್ಚಲಿಗೆ ಓಡುವಳು. ಹೆಂಚಿನ ಮೇಲಿಂದ ಇಳಿದ ಬಿಸಿ ರೊಟ್ಟಿ, ಅದರ ಮೇಲೊಂದು ಬೆಣ್ಣೆ ಮುದ್ದೆ, ಅವಳ ಬಯಕೆ ಅಷ್ಟೇ. ಕೇಳಿದ್ದರೆ ಅತ್ತೆ ಕೊಡುತ್ತಿದ್ದಳೇನೋ. ಹೊಸ ಸೊಸೆ ಕೇಳಲಿಲ್ಲ, ಅತ್ತೆ ತಾನಾಗಿ ಕೊಡಲಿಲ್ಲ. ಎಲ್ಲರೂ ಪಡಸಾಲೆಯಲ್ಲಿದ್ದಾಗ ಸುಶೀಲ ಪುಟ್ಟಿಯ ಅಡಿಗೆ ಕೈ ತೂರಿಸಿ ಇವತ್ತಿನದನ್ನು ಎಳೆಯುವಳು. ಮೇಲಿನ ತಂಗಳ ರೊಟ್ಟಿಗಳು ಒಣಗಿರುತ್ತಿದ್ದವಲ್ಲ, ಲಟಕ್ಕನೆ ಮುರಿಯುವವು. ಸಂಜೆ ಅತ್ತೆ ಬಟ್ಟೆ ತೆಗೆದರೆ ಚೂರುಗಳು.

"ನಮ್ಮ ಮನ್ಯಾಗ ಇಲಿ ಅಡೀಲಿಂದ ತಿಂತಾವ ನೋಡವ್ವಾ," ಅಂದಳೊಮ್ಮೆ ನನ್ನ ಕಡೆ ತಿರುಗಿ. ಸುಶೀಲ ಗೋಡೆ ನೋಡಿದಳು. ಚೂರುಗಳನ್ನು ಅತ್ತೆ ತನ್ನ ತಟ್ಟೆಗೇ ಸುರಿದುಕೊಂಡಳು.

ಆ ಹುಡುಗಿ ದಿನದಿನಕ್ಕೆ ಇಳಿದಳು. ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಮೊದಲ ಬಾಣಂತನಕ್ಕೆ ತವರಿಗೆ ಕರೆದೊಯ್ಯುವುದು ಏಳು ತಿಂಗಳು ತುಂಬಿದ ಮೇಲೆ. ಅದಕ್ಕಿಂತ ಮೊದಲೇ ಬೀಗರು ಬಂದು ಕರೆದುಕೊಂಡು ಹೋದರೆ ಓಣಿಯವರು ಆಡುವ ಮಾತು ಅತ್ತೆಗೆ ಗೊತ್ತಿತ್ತು: ಜೋಳದ ಚೀಲ ತುಂಬಿದ ಮನೆಯಲ್ಲಿ ಬಸುರಿಗೆ ಊಟವಿಲ್ಲ. ಆದರೆ ಮಾತಿನ ಭಯವೊಂದೇ ಅವಳನ್ನು ಕಾಡುತ್ತಿತ್ತು ಎಂದರೆ ಅನ್ಯಾಯವಾಗುತ್ತದೆ. ಸೊಸೆ ಮಲಗಿದ್ದಾಗ ಬಾಗಿಲಲ್ಲಿ ನಿಂತು ಅವಳ ಉಸಿರಾಟ ನೋಡುತ್ತಿದ್ದುದನ್ನು ಕಂಡಿದ್ದೇನೆ. ಸುಶೀಲ ಉಣ್ಣಬೇಕು, ಇದೇ ಮನೆಯಲ್ಲಿ ಉಣ್ಣಬೇಕು, ಉಳಿಯಬೇಕು. ಅತ್ತೆಗೆ ಬೇಕಾದದ್ದು ಇಷ್ಟು. ಅಡ್ಡವಿದ್ದದ್ದು ಒಂದು ಪುಟ್ಟಿ.

ಆಗ ನಾನು ಒಂದು ಉಪಾಯ ಹೇಳಿದೆ. ಟೀಚರುಗಳಿಗೆ ಇದೊಂದು ರೋಗ. ಒಂದು ದಿನ, ಒಂದೇ ಒಂದು ದಿನ, ರೊಟ್ಟಿ ಬೇಯಿಸುವುದು ಬೇಡ. ಪುಟ್ಟಿಯಲ್ಲಿದ್ದದ್ದನ್ನು ಎಲ್ಲರೂ ಕೂತು ತಿಂದು ಮುಗಿಸೋಣ, ಚೂರೂ ಚೆಲ್ಲುವುದಿಲ್ಲ. ಮರುದಿನದಿಂದ ಎಲ್ಲರಿಗೂ ಅವತ್ತಿನದು ಅವತ್ತೇ. ಅತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಬಹಳ ಹೊತ್ತು ಅದರಲ್ಲಿ ತಪ್ಪು ಹುಡುಕಿದಳು. "ನಿನ್ನ ಲೆಕ್ಕ ಕೇಳಾಕ ಚಂದ ಐತಿ ಟೀಚರಮ್ಮಾ," ಅಂದಳು. "ಒಲಿ ಹಚ್ಚಲಾರದ ದಿನ ಯಾರರ ಬಂದ್ರ?" ಯಾರೂ ಬರುವುದಿಲ್ಲ ಅತ್ತೆ, ಬಂದರೆ ಅನ್ನ ಮಾಡಿದರಾಯಿತು ಅಂದೆ. ಸೊಸೆಯ ಕಡೆ ನೋಡಿ ಒಪ್ಪಿದಳು.

ಒಂದು ಭಾನುವಾರ. ಅಥವಾ ಶಾಲೆಗೆ ಬೇರಾವುದೋ ರಜೆ. ಗಂಡಸರು ಮುಖ ಸಿಂಡರಿಸಿಕೊಂಡು ತಂಗಳ ತಿಂದು ಗಿರಣಿಗೆ ಹೋದರು. ಮಧ್ಯಾಹ್ನ ನಾವು ಮೂವರೂ ಪುಟ್ಟಿಯ ಸುತ್ತ ಕೂತೆವು. ಇದೇ ಕಡೆಯದು ಎಂಬ ಖುಷಿಗೆ ಸುಶೀಲ ಕೂಡ ಮೂಗಿಗೆ ಸೆರಗು ಹಿಡಿದು, ನಗುತ್ತ, ಒಂದು ಚೂರು ಬಾಯಿಗಿಟ್ಟಳು. ಅತ್ತೆಯೂ ನಕ್ಕಳು. ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದೇ ಮೊದಲಿರಬೇಕು. ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಸುಶೀಲಳ ತಾಯಿ. ತಲೆಯ ಮೇಲೆ ಬಿಳಿ ಬಟ್ಟೆ ಕಟ್ಟಿದ ದೊಡ್ಡ ಬುಟ್ಟಿ. ಮಗಳಿಗೆ ಬಯಕೆ ಬುತ್ತಿ ತಂದಿದ್ದಳು.

ಅವಳು ಕಂಡದ್ದು ಏನೆಂದು ನೀವೇ ನೋಡಿ: ಆರಿದ ಒಲೆ, ಗೋಡೆಗೆ ಒರಗಿಸಿದ ತಣ್ಣನೆಯ ಹೆಂಚು, ಬಳೆ ಜಾರುವ ಕೈಯಲ್ಲಿ ಒಣ ರೊಟ್ಟಿಯ ಚೂರು ಹಿಡಿದು ಕೂತ ಬಸುರಿ ಮಗಳು.

ನಾನು ಲೆಕ್ಕ ವಿವರಿಸಲು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ತಡೆದಳು. "ಬರ್ರಿ, ಕುಂದರ್ರಿ," ಅಂದಳು ಬೀಗತಿಗೆ. ಬೀಗತಿ ಕೂತು ಬುತ್ತಿ ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಬಯಕೆ ಬುತ್ತಿಯ ರೊಟ್ಟಿ ಅವತ್ತು ಬೇಯಿಸಿದ್ದಲ್ಲ, ಅಕ್ಕಪಕ್ಕದವರೆಲ್ಲ ಸೇರಿ ಎರಡು ಮೂರು ದಿನದಿಂದ ಬೇಯಿಸಿ ಒಣಗಿಸಿ ಪೇರಿಸಿದ್ದು. ನಮ್ಮ ಪುಟ್ಟಿಯದಕ್ಕಿಂತ ಹಳೆಯದು. ಸುಶೀಲ ಮೇಲಿನದನ್ನು ತೆಗೆದಳು, ಇನ್ನೊಂದು ತೆಗೆದಳು, ಮತ್ತೊಂದು. ವಾಂತಿಯೂ ಇಲ್ಲ, ಮೂಗಿಗೆ ಸೆರಗೂ ಇಲ್ಲ.

ಅತ್ತೆಗೆ ನೋವಾಯಿತೆಂದು ಬೇರೆ ಹೇಳಬೇಕಿಲ್ಲ. ಆದರೆ ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ತವರಮನಿ ತಂಗಳ ಬಿಸೇನ ಇರ್ತೈತಿ, ತಿನ್ನವ್ವಾ," ಅಂದಳು. "ನಾನೂ ಕುರುಗೋಡ ಬುತ್ತಿ ಹಿಂಗ ತಿಂದೀನಿ."

ಬೀಗತಿಗೆ ಅದು ಹಿಡಿಸಲಿಲ್ಲವೋ, ಕೇಳಿಸಲಿಲ್ಲವೋ. "ಸಂಜಿ ಬಸ್ಸಿಗೆ ಸುಶೀನ ಕರ್ಕೊಂಡು ಹೋಗ್ತೀನ್ರಿ ಅಕ್ಕಾರ," ಅಂದಳು. "ಹುಡುಗಿ ಭಾಳ ಇಳದೈತಿ."

ಅತ್ತೆ ಎದ್ದು ಒಲೆ ಹಚ್ಚಿದಳು. ನೀರು ಕಾಯಿಸಿ ಹಿಟ್ಟು ನಾದಿ, ನಟ್ಟನಡು ಮಧ್ಯಾಹ್ನ, ಎಲ್ಲರ ಊಟವಾದ ಮೇಲೆ, ಒಂದು ರೊಟ್ಟಿ ಬಡಿದಳು. ಒಂದೇ ಒಂದು. ಅದು ಹೆಂಚಿನ ಮೇಲೆ ಉಬ್ಬಿತು. ಮೊರಕ್ಕೆ ಹಾಕಲಿಲ್ಲ. ಬೆಣ್ಣೆ ಸವರಿ, ಬೆರಳು ಸುಡುತ್ತಿದ್ದರೂ ಕೈಯಿಂದ ಕೈಗೆ ಸೊಸೆಗೇ ಕೊಟ್ಟಳು.

"ಹೊಟ್ಟಿ ತುಂಬೈತ್ರಿ ಅತ್ತಿ," ಅಂದಳು ಸುಶೀಲ. ನಿಜವೂ ಆಗಿತ್ತು. ತಿಂಗಳುಗಟ್ಟಲೆ ಬಯಸಿದ ರೊಟ್ಟಿ ಕೈಯಲ್ಲಿದ್ದಾಗ ಒಳಗೆ ಜಾಗವಿರಲಿಲ್ಲ. ಅವಳು ಅದನ್ನು ಎರಡು ಮಾಡಿ ಅರ್ಧವನ್ನು ಅತ್ತೆಯ ಮುಂದೆ ಹಿಡಿದಳು. "ನೀವು ತಿಂದ್ರ ನಾನೂ ತಿಂತೀನಿ."

ಅತ್ತೆ ಆ ಅರ್ಧವನ್ನು ನೋಡಿದ ರೀತಿ ನನಗೆ ನೆನಪಿದೆ, ಅಥವಾ ಹಾಗೆ ಭಾವಿಸಿದ್ದೇನೆ. ಅಷ್ಟರಲ್ಲಿ ಬೀಗತಿಗೆ ಮಜ್ಜಿಗೆ ತರಲು ನನ್ನನ್ನು ಪಕ್ಕದ ಮನೆಗೆ ಕಳಿಸಿದರು. ಚೆಂಬು ಹಿಡಿದು ಮರಳಿ ಬಂದಾಗ ಇಬ್ಬರ ಕೈಯೂ ಖಾಲಿ. ಸಂಜೆಯ ಬಸ್ಸಿಗೆ ಬೀಗತಿ ಒಬ್ಬಳೇ ಹೋದಳು.

ಕಾಯಿದೆ ಮುರಿದುಬಿತ್ತೆಂದು ತಿಳಿಯಬೇಡಿ. ಬೀಗತಿ ಬಿಟ್ಟುಹೋದ ಸಜ್ಜೆ ರೊಟ್ಟಿಯಿಂದ ನಮ್ಮ ಪುಟ್ಟಿ ಮತ್ತೆ ತುಂಬಿತು, ನನ್ನ ಲೆಕ್ಕ ಮಣ್ಣುಪಾಲಾಯಿತು. ವಾರವಿಡೀ ತಂಗಳನ್ನೇ ತಿಂದೆವು. ಆದರೆ ಮರುದಿನದಿಂದ ಹೆಂಚಿನಿಂದಿಳಿದ ಮೊದಲ ರೊಟ್ಟಿ ಗಂಡಸರಿಗಿಂತ ಮುಂಚೆ ಸುಶೀಲಳ ತಟ್ಟೆಗೆ ಹೋಯಿತು. ಇದರಲ್ಲಿ ನನಗೆ ಅನುಮಾನವಿಲ್ಲ, ಮಾವ ಗೊಣಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಏಳು ತುಂಬಿದ ಮೇಲೆ ತವರಿಗೆ ಹೊರಟಾಗ ಸುಶೀಲಳ ಬಳೆ ಮಣಿಕಟ್ಟಿನಲ್ಲೇ ನಿಲ್ಲುತ್ತಿದ್ದವು.

ಅತ್ತೆ ಹೋಗಿ ಬಹಳ ಕಾಲವಾಯಿತು. ಸುಶೀಲ ಈಗ ಬಳ್ಳಾರಿಯಲ್ಲೇ ಇದ್ದಾಳೆ, ಆಗಿನ ಅತ್ತೆಗಿಂತ ಹೆಚ್ಚು ವಯಸ್ಸಾಗಿದೆ. ಅಂಗಡಿಯಿಂದ ಬಂದವಳೇ ಫೋನು ಮಾಡಿ ಕೇಳಿದೆ: ಆ ದಿನ ಅತ್ತೆ ಅರ್ಧ ರೊಟ್ಟಿ ತಿಂದಳಾ? ಯಾವ ದಿನ ಅಂದಳು. ಎಲ್ಲ ಹೇಳಿದೆ. ಅವಳು ನಕ್ಕಳು. ಬುತ್ತಿ ತಂದದ್ದು ಹೌದು, ಆದರೆ ಕರೆದುಕೊಂಡು ಹೋಗುತ್ತೇನೆಂದು ಅವ್ವ ಅನ್ನಲೇ ಇಲ್ಲ ಅಂದಳು. ರೊಟ್ಟಿ ಎರಡು ಮಾಡಿದ್ದು ನೆನಪಿಲ್ಲ, ಬೆಣ್ಣೆ ಮಾತ್ರ ನೆನಪಿದೆಯಂತೆ. ಆಮೇಲೆ "ಅಕ್ಕಾ, ಅತ್ತಿ ಬಿಸಿದು ತಿಂದದ್ದು ನಾ ಒಂದಿನಾನೂ ನೋಡಿಲ್ಲ," ಅಂದಳು. "ನೀ ನೋಡೀಯೇನು?"

ವರ್ಷಕ್ಕೂ ಮೇಲೆ ಆ ಒಲೆಯ ಪಕ್ಕದಲ್ಲೇ ಕೂತು ಉಂಡವಳು ನಾನು. ಆ ಅರ್ಧ ರೊಟ್ಟಿ ಅತ್ತೆಯ ಬಾಯಿಗೆ ಹೋಯಿತೋ, ಮೊರದ ಮೇಲೆ ಆರಿತೋ, ನನಗೆ ಗೊತ್ತಿಲ್ಲ.